ಬುಗುರಿಯ ಕಿವಿ

ಬುಗುರಿಯದು ಉದುರುವ ಕೂದಲಲ್ಲ. ಬೇರೆ ನಾಯಿಗಳ ಕೂದಲು ಮನೆತುಂಬ ಹಾರಾಡುತ್ತದೆ, ಗುಡಿಸಿ ಎಸೆದರೆ ಮುಗಿಯಿತು. ಈ ಗುಂಗುರು ಜಾತಿಯಲ್ಲಿ ಸತ್ತ ಕೂದಲು ಸುರುಳಿಯೊಳಗೇ ಸಿಕ್ಕಿಕೊಂಡು ಉಳಿಯುತ್ತದೆ. ವಾರಕ್ಕೊಮ್ಮೆಯಾದರೂ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬುಡದ ತನಕ ಬಾಚಿ ತೆಗೆಯದಿದ್ದರೆ ಒಂದೆರಡು ತಿಂಗಳಲ್ಲಿ ಗಂಟುಗಟ್ಟಿ ಕಂಬಳಿಯಂತಾಗುತ್ತದೆ. ಬಾಚುವ ಮೊದಲು ಮೈ ಒದ್ದೆ ಮಾಡಬೇಕು. ಒಣಗಿದ ಮೈಗೆ ಬಾಚಣಿಗೆ ಹಾಕಿದರೆ ಸುರುಳಿ ಒಡೆದು ಎಕ್ಕಿದ ಹತ್ತಿಯ ಹಾಗೆ ಉಬ್ಬಿ ನಿಲ್ಲುತ್ತದೆ. ಸೋಪು ಆದಷ್ಟು ಕಡಿಮೆ, ಏಕೆಂದರೆ ನೀರು ಚರ್ಮಕ್ಕಿಳಿಯದಂತೆ ಕಾಯುವುದು ಆ ಕೂದಲಿನ ಎಣ್ಣೆಯೇ. ಎಲ್ಲಕ್ಕಿಂತ ಮುಖ್ಯ ಕಿವಿ. ಜೋಲು ಕಿವಿಯೊಳಗೆ ನೀರು ನಿಂತರೆ ಕೀವಾಗುತ್ತದೆ. ಕೆರೆಯಿಂದ ಬಂದ ಕೂಡಲೇ ಕಿವಿಯನ್ನು ಹಿಂದಕ್ಕೆ ಮಡಚಿ, ಹಳೇ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಬೇಕು.

ಇದನ್ನೆಲ್ಲ ಸೊಸೆಗೆ ಕಲಿಸಿದ್ದು ಮಾವ. ಆಕೆ ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಮಾತಾಡುವವರೇ ಇರಲಿಲ್ಲ. ಗಂಡನಿಗೆ ಐಸ್ ಫ್ಯಾಕ್ಟರಿಯ ಪಾಳಿ, ಅತ್ತೆಗೆ ಅಡುಗೆಮನೆ. ಹೊಲಿಗೆಯಂತ್ರ ಇಟ್ಟುಕೊಂಡು ಕಿಟಕಿಯ ಬಳಿ ಕೂತ ಹುಡುಗಿಯನ್ನು ಮಾವ ಎರಡು ವರ್ಷ ನೋಡಿದರು. ಆಮೇಲೆ ಒಂದು ದಿನ ಅಂಗೈಯಗಲದ ಕರೀ ಮರಿಯನ್ನು ತಂದು ಆಕೆಯ ಮಡಿಲಿಗೆ ಹಾಕಿ, "ಟೈಲರಮ್ಮ, ಕತ್ತರಿ ಹಿಡಿಯೋಕೆ ಬರುತ್ತಲ್ಲ ನಿನಗೆ. ಇವಳ ಬಟ್ಟೆ ನಿನ್ನ ಜವಾಬ್ದಾರಿ," ಅಂದರು. ಮರಿ ಸಂತೋಷ ಬಂದರೆ ತನ್ನ ಸುತ್ತ ತಾನೇ ಗಿರ್ರನೆ ಸುತ್ತುತ್ತಿತ್ತು. ಬುಗುರಿ ಎಂಬ ಹೆಸರು ಹಾಗೆ ಬಂತು.

ಆರು ವರ್ಷದಿಂದ ಮಾವ, ಬುಗುರಿ ಒಂದೇ ದೋಣಿ. ಬಲೆಯ ಬೆಂಡು ಕಿತ್ತು ತೇಲಿಹೋದರೆ ಅದು ಜಿಗಿದು ತರುತ್ತಿತ್ತು. ಹಗ್ಗದ ತುದಿಯನ್ನು ಬಾಯಲ್ಲಿ ಕಚ್ಚಿ ಈಜಿ ಆಚೆಯ ಗೂಟಕ್ಕೆ ಮುಟ್ಟಿಸುತ್ತಿತ್ತು. ಹೊರಗಿನವರನ್ನು ಹತ್ತಿರ ಬಿಟ್ಟುಕೊಳ್ಳದ ಹಟಮಾರಿ, ಆದರೆ ಒಂದು ಸಲ ತೋರಿಸಿದ ಕೆಲಸವನ್ನು ಎರಡನೇ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ದಂಡೆಗೆ ಬಂದ ಮೇಲೆ ಮಾವ ಕಿವಿ ಒರೆಸುವರು, ಸೊಸೆ ಬಾಚುವಳು. ಬಿಚ್ಚಿ ಮಾತಾಡುವುದಕ್ಕೆ ಆಕೆಗೆ ದಿನದಲ್ಲಿ ಸಿಗುತ್ತಿದ್ದದ್ದು ಆ ಅರ್ಧ ಗಂಟೆ.

ಒಂದು ದಿನ ಬೆಳಗ್ಗೆ ಬಲೆ ಎಳೆಯುತ್ತಿದ್ದ ಮಾವನಿಗೆ ಕಣ್ಣು ಕತ್ತಲಿಟ್ಟಿತು, ಬಲೆಯ ಮೇಲೆಯೇ ಕುಸಿದರು. ಬುಗುರಿ ಒಂದೇ ಸಮನೆ ಬೊಗಳಿದ್ದು ಕೇಳಿ ಪಕ್ಕದ ದೋಣಿಯವರು ಬಂದು ದಂಡೆಗೆ ತಂದರು. ಆಸ್ಪತ್ರೆಯಲ್ಲಿ ಡಾಕ್ಟರು, ಎದೆಬಡಿತ ಹಳಿ ತಪ್ಪಿದೆ, ಇನ್ನು ನೀರಿನ ಮೇಲೆ ಒಬ್ಬರೇ ಹೋಗಕೂಡದು ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಮಾವ ಮೂರು ದಿನ ಮಲಗಿ ನಾಲ್ಕನೆಯ ದಿನ ಹುಟ್ಟು ಹೆಗಲಿಗೇರಿಸಿದರು. ಮನೆಯವರು ಅಡ್ಡ ನಿಂತಾಗ ಅವರಿಗೆ ನಗು ಬಂತು.

"ಒಬ್ಬನೇ ಎಲ್ಲಿ ಹೋಗ್ತೀನಿ? ಬುಗುರಿ ಇರ್ತಾಳಲ್ಲ. ಅವಳಿಲ್ದೆ ನಾನು ದೋಣಿಗೆ ಕಾಲಿಟ್ಟಿದ್ದು ಯಾವತ್ತು?"

ಆಳೊಬ್ಬನನ್ನು ಜೊತೆಗೆ ಇಟ್ಟುಕೊಳ್ಳಿ ಎಂದರೆ, ದೋಣಿಯಲ್ಲಿ ಬಾಯಿ ಬಡಿಯುವವರ ಜೊತೆ ತಮಗೆ ಆಗುವುದಿಲ್ಲ ಎಂದುಬಿಟ್ಟರು.

ಬುಗುರಿಯಿಲ್ಲದೆ ದೋಣಿಗೆ ಕಾಲಿಡುವುದಿಲ್ಲ ಎಂಬ ಮಾತೇ ಗಂಡನ ತಲೆಗೆ ದಾರಿ ತೋರಿಸಿತು. ಆ ಸಂಜೆ ಅಡುಗೆಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದರು, ಆಕೆ ಪಾತ್ರೆ ಒರೆಸುತ್ತಿದ್ದಳು. ಗಂಡ ಬಾಗಿಲು ಮುಂದೆ ಮಾಡಿ ಹೇಳಿದ: ನಾಯಿಗೇ ಹುಷಾರಿಲ್ಲ ಅಂದರೆ ಅಪ್ಪ ಹೋಗುವುದಿಲ್ಲ. ತಮ್ಮ ಎದೆಗೆ ಹೆದರದವರು ಅದರ ಕಿವಿಗೆ ಹೆದರುತ್ತಾರೆ. ಅತ್ತೆ ಕೈಯಲ್ಲಿದ್ದ ಬಟಾಣಿಯನ್ನು ಬಟ್ಟಲಿಗೆ ಹಾಕುವುದನ್ನೇ ಮರೆತು, ಇದು ಸರಿಯಾದ ಮಾತು ಎಂದರು. ಹೇಳುವವರು ಯಾರು ಎಂಬ ಪ್ರಶ್ನೆ ಬಂದಾಗ ತಾಯಿ ಮಗ ಇಬ್ಬರೂ ಆಕೆಯ ಕಡೆ ತಿರುಗಿದರು.

ಆಕೆ ಒಪ್ಪಲಿಲ್ಲ. ಬೇರೆ ಏನಾದರೂ ಹೇಳಿ, ಬುಗುರಿಯ ವಿಷಯ ಬೇಡ ಅಂದಳು. ಗಂಡ ಪಕ್ಕಕ್ಕೆ ಕರೆದು ಕೈ ಹಿಡಿದುಕೊಂಡ.

"ಒಂದೇ ತಿಂಗಳು. ಅಷ್ಟರಲ್ಲಿ ಮಾತ್ರೆಗೆ ಎದೆ ಒಂದು ಹದಕ್ಕೆ ಬರುತ್ತೆ. ಆಮೇಲೆ ನಾನೇ ಅಪ್ಪನ ಎದುರು ಕೂತು ಎಲ್ಲಾ ಹೇಳ್ತೀನಿ. ನಿನ್ನ ತಲೆ ಮೇಲೆ ಬರೋಕೆ ಬಿಡ್ತೀನಾ?"

ಮಾವ ನೀರಿಗೆ ಬೀಳುವ ಚಿತ್ರ ಮೂರು ದಿನದಿಂದ ಆಕೆಯ ಕಣ್ಣಿಂದ ಹೋಗಿರಲಿಲ್ಲ. ಒಪ್ಪಿದಳು. ಮಾರನೆಯ ದಿನ ಬುಗುರಿಯನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಏನೂ ಇಲ್ಲ, ಗಟ್ಟಿಯಾಗಿದೆ ಎಂದು ಕೂದಲಿನ ಹೊಳಪಿಗೆ ಒಂದಿಷ್ಟು ಮಾತ್ರೆ ಕೊಟ್ಟರು. ಆ ಮಾತ್ರೆಯ ಪಟ್ಟಿಯನ್ನೇ ಹಿಡಿದುಕೊಂಡು ಬಂದು ಆಕೆ ಮಾವನ ಮುಂದೆ ನಿಂತಳು. ಕಿವಿಯ ಒಳಪರದೆ ಊದಿಕೊಂಡಿದೆಯಂತೆ, ನೀರು ಹೋದರೆ ಕಿವುಡಾಗುತ್ತದಂತೆ, ಈಜುವಾಗ ತಲೆ ತಿರುಗಿ ಮುಳುಗಿದರೂ ಮುಳುಗಬಹುದಂತೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದಳು.

ಮಾವ ಅನುಮಾನಪಟ್ಟು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬುಗುರಿಯ ಕಿವಿಯನ್ನು ಮೆಲ್ಲಗೆ ಎತ್ತಿ ನೋಡಿದರು.

"ನಾನು ಬಿದ್ದ ದಿನ ಇವಳ ಕಿವಿ ಒರೆಸಿದವರು ಯಾರು?"

ಆ ದಿನ ಯಾರೂ ಒರೆಸಿರಲಿಲ್ಲ. ಎಲ್ಲರೂ ಆಸ್ಪತ್ರೆಗೆ ಓಡಿದ್ದರು.

"ನನ್ನಿಂದ ಆಯ್ತು ಇದು," ಎಂದು ಮಾವ ಹುಟ್ಟನ್ನು ಗೋಡೆಗೆ ಒರಗಿಸಿದರು.

ಸೊಸೆಗೆ ಆಗಲೇ ಹೇಳಿಬಿಡಬೇಕೆನ್ನಿಸಿತು. ಬಾಗಿಲ ಸಂದಿಯಲ್ಲಿ ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು, ನೆಮ್ಮದಿಗೆ. ಆಕೆ ಸುಮ್ಮನಾದಳು.

ಮೊದಲ ವಾರ ಮನೆಯಲ್ಲಿ ಹಬ್ಬದ ಕಳೆ. ಅತ್ತೆ ದಿನಕ್ಕೆ ಎರಡು ಸಲ ಮೊಟ್ಟೆ ಬೇಯಿಸಿದರು. ಗಂಡ ಪಾಳಿ ಮುಗಿಸಿ ಬಂದವನು ಶಿಳ್ಳೆ ಹಾಕುತ್ತಾ ಕೈಕಾಲು ತೊಳೆದ. ಎರಡನೆಯ ವಾರದಿಂದ ಮಾವ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡರು. ಮೀನು ಹೀಗೆ ಹೆಚ್ಚಬಾರದು, ಎಣ್ಣೆ ಇಷ್ಟು ಕಾಯಬಾರದು, ಈ ಮುಚ್ಚಳ ಆ ಪಾತ್ರೆಯದಲ್ಲ. ನಲವತ್ತು ವರ್ಷ ಬೇಯಿಸಿದ್ದನ್ನು ತಲೆಯೆತ್ತದೆ ಉಂಡು ಹೋದವರು ಈಗ ಪರೀಕ್ಷೆಗೆ ಕೂತಿದ್ದಾರೆ ಎಂದು ಅತ್ತೆ ಸೌಟು ಕುಕ್ಕಿದರು. ಸೌಟು ಕುಕ್ಕಿದ ಜಾಗದಲ್ಲಿ ಉಳಿಯಲೂ ಇಲ್ಲ. ಕೆಲಸವಿಲ್ಲದ ಬುಗುರಿ ತಾನೇ ಕೆಲಸ ಹುಡುಕಿಕೊಂಡಿತ್ತು. ಸೌಟು, ಚಪ್ಪಲಿ, ಸೋಪಿನ ಡಬ್ಬಿ, ಹೊಲಿಗೆಯ ದಾರದುಂಡೆ, ಕೈಗೆ ಸಿಕ್ಕಿದ್ದು ಅಂತ ಮನುಷ್ಯರಿಗೆ ಹೇಳುವ ಹಾಗೆ ಬಾಯಿಗೆ ಸಿಕ್ಕಿದ್ದನ್ನೆಲ್ಲ ತಂದು ಮಾವನ ಕಾಲ ಬಳಿ ಒಟ್ಟಿ, ಇನ್ನೇನು ತರಲಿ ಎಂದು ಮುಖ ನೋಡುತ್ತಿತ್ತು.

ಮಾವ ಹೊತ್ತುಹೊತ್ತಿಗೆ ಮಾತ್ರೆ ಹಾಕಿದರು. ನೀರು ತಾಗಬಾರದೆಂದು ಒಣಮೈಯನ್ನೇ ಬಾಚಿದರು. ಮಳೆಹನಿ ಬಿದ್ದರೆ ಕಿವಿಯೊಳಗೆ ಹೋದೀತೆಂದು ಅದಕ್ಕೊಂದು ಟೋಪಿ ಬೇಕೆಂದರು. ಸೊಸೆಯ ಟೇಪು ತೆಗೆದುಕೊಂಡು ತಾವೇ ತಲೆಯ ಸುತ್ತಳತೆ ಹಿಡಿದರು, ಗದ್ದದ ಕೆಳಗೆ ಕಟ್ಟುವ ದಾರ ಒತ್ತಬಾರದು ಎಂದು ಎರಡು ಸಲ ಹೇಳಿದರು. ಆಕೆ ಹಳೇ ರೇನ್‌ಕೋಟು ಕತ್ತರಿಸಿ ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು ಟೋಪಿ ಹೊಲಿದಳು. ಇಲ್ಲದ ರೋಗಕ್ಕೆ ಅಳತೆ ಹಿಡಿದು ಹೊಲಿಯುವಾಗ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

"ನಿನ್ನ ಕೈಲಿ ಮಾತ್ರ ಆಗೋ ಕೆಲಸ ಇದು, ಟೈಲರಮ್ಮ," ಎಂದರು ಮಾವ.

ತಿಂಗಳು ತುಂಬಿದ ದಿನ ಆಕೆ ಗಂಡನನ್ನು ಕೇಳಿದಳು. ಮುಂದಿನ ವಾರ ಅಂದ. ಮುಂದಿನ ವಾರ ಫ್ಯಾಕ್ಟರಿಯಲ್ಲಿ ಯಂತ್ರ ಕೆಟ್ಟಿತು. ಅದರ ಮುಂದಿನ ವಾರ, "ಅಪ್ಪ ಆರಾಮಾಗಿದಾರಲ್ಲ, ಈಗ್ಯಾಕೆ ಕೆದಕ್ತೀಯ?" ಅಂದ. ಅತ್ತೆಯ ಬಳಿ ಹೋದರೆ, ಗಂಡ ಹೆಂಡತಿ ಮಾತಾಡಿಕೊಳ್ಳಿ, ನನ್ನನ್ನು ಎಳೆಯಬೇಡಿ ಎಂದರು. ಬುಗುರಿ ಮೈ ತುಂಬಿಕೊಂಡು ದಪ್ಪಗಾಯಿತು. ಮೈ ಮೇಲೆ ಕೂದಲು ಹತ್ತಿಯ ಹಾಗೆ ಉಬ್ಬಿತ್ತು, ಕಂಕುಳಲ್ಲಿ ಬೆರಳು ತೂರದ ಹಾಗೆ ಜಡೆಗಟ್ಟಿತ್ತು. ಕತ್ತರಿಸೋಣವೆಂದರೆ ಮಾವ, ಮೊದಲು ಕಿವಿ ವಾಸಿಯಾಗಲಿ, ಮೈ ತೊಳೆಯದೆ ಕತ್ತರಿ ಆಡಿಸುವುದು ಬೇಡ ಎಂದರು.

ಏಳನೆಯ ವಾರದ ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದರು. ಅತ್ತೆ ಮೀನು ಹುರಿದಿದ್ದರು. ಮಾವ ತಟ್ಟೆಗೆ ಕೈ ಹಾಕಿರಲಿಲ್ಲ.

"ಬುಗುರಿ ಕಿವಿ ಹೇಗಿದೆ ಅನ್ಸುತ್ತೆ ನಿನಗೆ?" ಎಂದು ಮೊದಲು ಹೆಂಡತಿಯನ್ನು ಕೇಳಿದರು.

"ನಿಧಾನಕ್ಕೆ ಕಮ್ಮಿ ಆಗ್ತಿದೆ," ಎಂದರು ಅತ್ತೆ, ಅನ್ನ ಬಡಿಸುತ್ತಾ.

"ನೀನೇನಂತೀಯಪ್ಪ?"

"ಇನ್ನೊಂದು ತಿಂಗಳು ನೀರಿಗೆ ಬಿಡಬಾರದು ಅಂತ ಡಾಕ್ಟರೇ ಹೇಳಿದಾರಂತಲ್ಲ," ಎಂದ ಗಂಡ. ಮೀನಿನ ಮುಳ್ಳು ಬಿಡಿಸುವುದರಲ್ಲಿ ಅವನ ಗಮನವೆಲ್ಲ ಇತ್ತು.

ಮಾವ ಸೊಸೆಯ ಕಡೆ ತಿರುಗಿದರು. "ನೀನು ಹೇಳು, ಟೈಲರಮ್ಮ."

ಅವರ ದನಿಯಲ್ಲಿ ಏನೋ ಇತ್ತು. ಈಗ ಹೇಳಿಬಿಡು ಎಂದು ಬೇಡಿಕೊಂಡ ಹಾಗಿತ್ತು. ಅದು ಆಕೆಗೆ ಆ ಕ್ಷಣದಲ್ಲಿ ಗೊತ್ತಾಯಿತು, ಆದರೂ ಕಣ್ಣು ಗಂಡನ ಕಡೆ ಹೋಯಿತು. ಅವನು ತಲೆಯೆತ್ತಲಿಲ್ಲ, ಮೇಜಿನ ಕೆಳಗೆ ಆಕೆಯ ಕಾಲನ್ನು ಒತ್ತಿದ.

"ಇನ್ನೂ ಸ್ವಲ್ಪ ದಿನ ಬೇಕಂತೆ, ಮಾವ."

ಮಾವ ಜೇಬಿನಿಂದ ಖಾಲಿ ಮಾತ್ರೆಯ ಪಟ್ಟಿ ತೆಗೆದು ತಟ್ಟೆಯ ಪಕ್ಕ ಇಟ್ಟರು. ನಿನ್ನೆ ಆಕೆ ಹೊಲಿದ ಬಟ್ಟೆ ಕೊಡಲು ಹೋಗಿದ್ದಾಗ ಮಾತ್ರೆ ಮುಗಿಯಿತೆಂದು ಅವರೇ ಬುಗುರಿಯನ್ನು ಪಶು ಆಸ್ಪತ್ರೆಗೆ ನಡೆಸಿಕೊಂಡು ಹೋಗಿದ್ದರು. ಅಲ್ಲಿ ಹೊಸದಾಗಿ ಬಂದ ಡಾಕ್ಟರಮ್ಮ ಪುಸ್ತಕ ತೆಗೆದು ಓದಿ, ಎರಡೂ ಕಿವಿ ನೋಡಿ, ನಿಮ್ಮ ನಾಯಿಗೆ ಯಾವತ್ತೂ ಕಿವಿನೋವು ಬಂದದ್ದೇ ಇಲ್ಲವಲ್ಲ ಅಂದರಂತೆ. ಇದು ಕೂದಲಿಗೆ ಕೊಡುವ ಶಕ್ತಿಮಾತ್ರೆಯಂತೆ. ನೀರಿಗೆ ಬಿಡದೆ, ಕೆಲಸ ಕೊಡದೆ ಈ ಜಾತಿಯನ್ನು ಹೀಗೆ ಇಡಬಾರದು ಎಂದು ಬೈದು ಕಳಿಸಿದರಂತೆ. ಇಷ್ಟನ್ನೂ ಮಾವ ದನಿಯೇರಿಸದೆ ಹೇಳಿದರು.

ಅತ್ತೆಯ ಕೈಯಲ್ಲಿ ಸೌಟು ನಿಂತಿತ್ತು. ಸೊಸೆ ಗಂಡನಿಗಾಗಿ ಕಾದಳು. ಇದೇ ಅವನು ಮಾತಾಡುವ ಹೊತ್ತು. ಕೈ ಹಿಡಿದು ಮಾತು ಕೊಟ್ಟಿದ್ದ.

ಗಂಡ ನೀರು ಕುಡಿದು ಲೋಟ ಕೆಳಗಿಟ್ಟ. "ನಮಗೇನು ಗೊತ್ತಪ್ಪ? ಡಾಕ್ಟರ ಹತ್ರ ಹೋಗಿದ್ದು ಅವಳು. ಅವಳು ಹೇಳಿದ್ದನ್ನ ನಾವೂ ನಂಬಿದ್ವಿ."

ಸೊಸೆ ಅತ್ತೆಯ ಮುಖ ನೋಡಿದಳು.

"ನನ್ನನ್ಯಾಕೆ ನೋಡ್ತೀಯಮ್ಮ?" ಎಂದು ಅತ್ತೆ ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಮಾವ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು.

"ಹೋಗ್ಲಿ ಬಿಡಿ. ನೀವು ಊಟ ಮಾಡಿ," ಎಂದರು ಸೊಸೆಗೆ.

ಎಂಟು ವರ್ಷದಲ್ಲಿ ಮೊದಲ ಸಲ ಮಾವ ಆಕೆಯನ್ನು ನೀವು ಎಂದಿದ್ದರು, ಬಾಡಿಗೆಗೆ ಮನೆ ಕೇಳಿಕೊಂಡು ಬಂದವರ ಜೊತೆ ಮಾತಾಡುವ ಹಾಗೆ.

ಆ ಮಧ್ಯಾಹ್ನ ಗಂಡ ಹೆಂಡತಿ ಜಗಳವಾಡಿದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಆಕೆ ಕೇಳಿದ್ದು ಒಂದೇ: ಯಾಕೆ ಹಾಗಂದಿರಿ? ಅವನ ಬಳಿ ಉತ್ತರ ಸಿದ್ಧವಿತ್ತು.

"ನನ್ನ ಮೇಲೆ ಸಿಟ್ಟಾದ್ರೆ ಅಪ್ಪ ಮನೆ ಬಿಟ್ಟು ಹೋಗ್ತಾರೆ, ನಮ್ಮಿಬ್ಬರ ಸ್ವಭಾವ ನಿನಗೆ ಗೊತ್ತಿಲ್ವ? ನಿನ್ನ ಮೇಲಾದ್ರೆ ನಾಲ್ಕು ದಿನ. ನಿನ್ನನ್ನ ಕಂಡ್ರೆ ಅವರಿಗೆ ಪ್ರೀತಿ."

"ಆ ಪ್ರೀತಿ ನಾನು ಸಂಪಾದಿಸಿದ್ದು. ನಿಮಗೆ ಖರ್ಚು ಮಾಡೋಕೆ ಕೊಟ್ಟವರು ಯಾರು?"

ಅವನು, ಇಷ್ಟು ಸಣ್ಣದನ್ನು ಇಷ್ಟು ದೊಡ್ಡದು ಮಾಡಬೇಡ ಎಂದು ಸ್ನಾನಕ್ಕೆ ಹೋದ. ಸಂಜೆ ಅತ್ತೆ ಟೀ ತಂದು ಹೊಲಿಗೆಯಂತ್ರದ ಮೇಲಿಟ್ಟು, ತಮ್ಮದೂ ತಪ್ಪು ಎಂದು ಗೋಡೆಗೆ ಹೇಳುವ ಹಾಗೆ ಹೇಳಿದರು. ಅದನ್ನು ಮಾವನ ಮುಂದೆಯೇ ಹೇಳಬಹುದಲ್ಲ ಎಂದು ಸೊಸೆ ಕೇಳಿದಾಗ, ನನಗೆ ಈ ವಯಸ್ಸಿನಲ್ಲಿ ಅವರ ಜೊತೆ ಮಾತು ಬಿಟ್ಟು ಬದುಕಲು ಆಗುವುದಿಲ್ಲ ಎಂದರು. ನನಗೆ ಆಗುತ್ತದೆಯೇ ಎಂದು ಆಕೆ ಕೇಳಲಿಲ್ಲ. ಟೀ ತಣ್ಣಗಾಯಿತು.

ಮಾರನೆಯ ಬೆಳಗ್ಗೆ ಮಾವ ಬುಗುರಿಯನ್ನು ಕರೆದುಕೊಂಡು ಕೆರೆಗೆ ಹೊರಟರು. ಹುಟ್ಟು ಕೈಗೆತ್ತಿಕೊಂಡದ್ದು ಕಂಡು ಅದು ಅಂಗಳದಲ್ಲಿ ಏಳೆಂಟು ಸುತ್ತು ತಿರುಗಿತು. ಅತ್ತೆ ಕೈ ಮುಗಿದರು, ಗಂಡ ದಾರಿಗೆ ಅಡ್ಡ ನಿಂತ. ಮಾವ ಅವನನ್ನು ಸುತ್ತು ಹಾಕಿಕೊಂಡು ಹೋದರು. ಸೊಸೆ ಹೊಲಿಗೆ ಬಿಟ್ಟು ದಂಡೆಯಲ್ಲಿ ನಿಂತಳು, ದೋಣಿ ಮರಳುವ ತನಕ. ಎರಡನೆಯ ದಿನವೂ ನಿಂತಳು. ಮಾವ ಪಕ್ಕದಲ್ಲೇ ಹಾದು ಹೋದರು. ಬುಗುರಿಯ ಕಿವಿಯನ್ನು ತಾವೇ ಒರೆಸಿದರು.

ಮೂರನೆಯ ದಿನ ಬುಗುರಿ ದೋಣಿಯಿಂದ ಇಳಿಯುವಾಗ ಕುಂಟುತ್ತಿತ್ತು. ಏಳು ವಾರ ಜಡೆಗಟ್ಟಿದ ಕೂದಲು ನೀರು ಕುಡಿದು ಭಾರವಾಗಿ, ಈಜಿದಾಗಲೆಲ್ಲ ಕಂಕುಳನ್ನು ಉಜ್ಜಿ ಉಜ್ಜಿ ಹಸಿ ಮಾಡಿತ್ತು. ಮಾವ ಮನೆಯ ಮೆಟ್ಟಿಲಲ್ಲಿ ಕೂತು ಕತ್ತರಿ ಹಿಡಿದರು. ಅವರ ಕತ್ತರಿ ದೊಡ್ಡದು, ಗಂಟು ಚರ್ಮಕ್ಕೆ ಅಂಟಿಕೊಂಡಿತ್ತು. ಸೊಸೆ ಒಳಗಿನಿಂದ ತನ್ನ ಸಣ್ಣ ಕತ್ತರಿ ತಂದು ಎದುರು ಕೂತಳು. ಮಾವ ನಾಯಿಯ ಮುಂಗಾಲನ್ನು ಎತ್ತಿ ಹಿಡಿದರು.

ಗಂಟಿನ ಕೆಳಗೆ ಬೆರಳು ತೂರಿಸಿ, ಚರ್ಮವನ್ನು ಬೆರಳಿನಿಂದಲೇ ಕಾದು, ಆಕೆ ಚೂರುಚೂರಾಗಿ ಕತ್ತರಿಸಿದಳು. ಕತ್ತರಿಸುತ್ತಲೇ ಎಲ್ಲ ಹೇಳಿದಳು. ಯಾರ ಯೋಚನೆ, ಯಾರ ಒಪ್ಪಿಗೆ, ಯಾರ ಮಾತು, ಯಾವುದನ್ನೂ ಬಿಡಲಿಲ್ಲ. ತಾನು ಹೆದರಿದ್ದು ಬುಗುರಿಯ ಕಿವಿಗಲ್ಲ, ನಿಮ್ಮ ಜೀವಕ್ಕೆ ಎಂದೂ ಹೇಳಿದಳು.

"ಗೊತ್ತು," ಎಂದರು ಮಾವ.

ಆಕೆಯ ಕತ್ತರಿ ನಿಂತಿತು.

"ಅವನು ನನ್ನ ಮಗ. ಅವನ ಬುದ್ಧಿ ನನಗೆ ಗೊತ್ತಿಲ್ವ? ಊಟಕ್ಕೆ ಕೂತಾಗ್ಲೇ ಗೊತ್ತಾಯ್ತು ಇದು ಯಾರ ಕೆಲಸ ಅಂತ."

"ಹಾಗಿದ್ರೆ ನನ್ನ ಜೊತೆ ಯಾಕೆ ಹೀಗೆ, ಮಾವ?"

ಬುಗುರಿ ಒಮ್ಮೆ ಮಾವನ ಕೈಯನ್ನೂ ಒಮ್ಮೆ ಆಕೆಯ ಕೈಯನ್ನೂ ನೆಕ್ಕಿತು.

"ಅವನು ಬಂದು ಹೇಳಿದ್ರೆ ನಾನು ನಂಬ್ತಿರ್ಲಿಲ್ಲ. ಅವರಮ್ಮ ಹೇಳಿದ್ರೂ ನಂಬ್ತಿರ್ಲಿಲ್ಲ, ಕಿವಿಯನ್ನ ನಾನೇ ತೋರಿಸ್ಕೊಂಡು ಬರ್ತಿದ್ದೆ. ನೀವು ಹೇಳಿದ್ರಿ. ಅದಕ್ಕೆ ಕೇಳೋಕೇ ಹೋಗ್ಲಿಲ್ಲ."

ಆಕೆ ಉಳಿದ ಗಂಟುಗಳನ್ನು ಕತ್ತರಿಸಿ ಮುಗಿಸಿದಳು. ಕಣ್ಣೀರು ಬಂದರೆ ಕೈ ತಪ್ಪುತ್ತದೆಂದು ಅಳಲಿಲ್ಲ. ಹಸಿಯಾದ ಜಾಗಕ್ಕೆ ಮಾವ ಮುಲಾಮು ಹಚ್ಚಿದರು. ಏಳುವಾಗ ಆಕೆ, ನೀವು ಒಬ್ಬರೇ ಹೋಗಬಾರದು ಅಂತ ಡಾಕ್ಟರು ಹೇಳಿದ್ದಾರೆ, ಬುಗುರಿಯನ್ನು ಮತ್ತೆ ನೀರಿಗೆ ಬಿಡುವ ದಿನದಿಂದ ನಾನೂ ದೋಣಿಗೆ ಬರುತ್ತೇನೆ, ಬಾಯಿ ಬಡಿಯುವುದಿಲ್ಲ ಎಂದಳು. ಗಾಯ ಒಣಗಿದ ಮೇಲೆ, ಆರನೆಯ ದಿನ ಬೆಳಗ್ಗೆ, ದೋಣಿಯ ಹಿಂಬದಿಯಲ್ಲಿ ಎರಡನೆಯ ಹುಟ್ಟು ಇತ್ತು.

ಮಧ್ಯಾಹ್ನದ ತನಕ ದೋಣಿ, ಆಮೇಲೆ ಹೊಲಿಗೆ. ಆಕೆಯ ಪಾಲಿನ ಅಡುಗೆ ಕೆಲಸವೆಲ್ಲ ಅತ್ತೆಯ ಮೇಲೆ ಬಿತ್ತು, ಅವರು ಗೊಣಗಲಿಲ್ಲ. ಮೊದಲ ವಾರ ಆಕೆಯ ಅಂಗೈ ತುಂಬ ಬೊಕ್ಕೆ ಎದ್ದವು. ದೋಣಿಯಲ್ಲಿ ಮಾವ ಕೆಲಸಕ್ಕೆ ಬೇಕಾದಷ್ಟು ಮಾತಾಡುತ್ತಿದ್ದರು: ಬೆಂಡು ನೋಡಿ, ಹಗ್ಗ ಬಿಡಿ, ಎಡಕ್ಕೆ ತಿರುಗಿಸಿ. ಎಲ್ಲ ನೀವು. ಟೈಲರಮ್ಮ ಎಂಬ ಹೆಸರು ಮತ್ತೆ ಬರಲಿಲ್ಲ. ಗಂಡನ ಜೊತೆ ಆಕೆಯದೂ ಅಷ್ಟೇ ಆಗಿತ್ತು: ಊಟಕ್ಕೆ ಬನ್ನಿ, ಅಂಗಿ ಒಣಗಿದೆ, ಗ್ಯಾಸು ಮುಗಿದಿದೆ.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಗಂಡ ಪಾಳಿಯಿಂದ ಬೇಗ ಬಂದು ಹೊಲಿಗೆಯಂತ್ರದ ಬಳಿ ನಿಂತ. ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬಂದಿದ್ದ. ಅಪ್ಪನ ಎದೆಗೆ ಒಂದು ಸಣ್ಣ ಯಂತ್ರ ಇಡಬೇಕಂತೆ, ಇಟ್ಟರೆ ಭಯವಿಲ್ಲವಂತೆ. ಆದರೆ ಅವರು ಒಪ್ಪುವುದಿಲ್ಲ. ಅವನು ದನಿ ತಗ್ಗಿಸಿದ.

"ನನ್ನ ಕಣ್ಣು ತೋರಿಸ್ಬೇಕು, ಜೊತೆಗೆ ಬನ್ನಿ ಅಂತ ಹೇಳಿ ಅಪ್ಪನ್ನ ಕರ್ಕೊಂಡು ಹೋಗು. ಅಲ್ಲಿಗೆ ಹೋದ್ಮೇಲೆ ಡಾಕ್ಟರು ನೋಡ್ಕೋತಾರೆ. ನೀನು ಕರೆದ್ರೆ ಬರ್ತಾರೆ. ಈಗ ದಿನಾ ಜೊತೇಲೇ ಇರ್ತೀಯಲ್ಲ."

ಆಕೆ ಯಂತ್ರ ನಿಲ್ಲಿಸಿ ದಾರ ಕತ್ತರಿಸಿದಳು. ಗಂಡನ ಮುಖದಲ್ಲಿ ನಿಜವಾದ ಭಯವಿತ್ತು, ಅಪ್ಪ ಎಲ್ಲಿ ಸತ್ತುಹೋಗುತ್ತಾರೋ ಎಂಬ ಮಗನ ಭಯ. ಅದನ್ನು ಆಕೆ ನೋಡಿದಳು. ಎದ್ದು ಅಂಗಳದ ಬಾಗಿಲಿಗೆ ಬಂದು ಕೂಗಿದಳು.

"ಮಾವ, ನಿಮ್ಮ ಮಗ ನಿಮ್ಮ ಹತ್ರ ಏನೋ ಮಾತಾಡ್ಬೇಕಂತೆ."

ಮಾವ ಅಂಗಳದಲ್ಲಿ ಬುಗುರಿಯ ಒದ್ದೆ ಮೈ ಬಾಚುತ್ತಿದ್ದರು. ತಲೆಯೆತ್ತಲಿಲ್ಲ. ಗಂಡ ಹೊಸಿಲ ಮೇಲೆ ನಿಂತು ಆಕೆಯನ್ನು ಇರಿಯುವ ಹಾಗೆ ನೋಡಿದ, ಆಮೇಲೆ ಎರಡು ಹೆಜ್ಜೆ ಮುಂದೆ ಬಂದ.

"ಅದೇ ಅಪ್ಪ... ಇವಳು ಹೇಳ್ತಿದ್ಲು, ಆಸ್ಪತ್ರೆಗೆ..."

"ಅವರು ಏನೂ ಹೇಳ್ಲಿಲ್ಲ," ಎಂದರು ಮಾವ, ಬಾಚಣಿಗೆಯ ಹಲ್ಲಿನಿಂದ ಸತ್ತ ಕೂದಲು ಬಿಡಿಸುತ್ತಾ. "ನಿಂದೇನು, ಅದನ್ನ ಹೇಳು."

ಗಂಡ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತ. ಒಳಗೆ ಅತ್ತೆ ಪಾತ್ರೆಯ ಸದ್ದು ನಿಲ್ಲಿಸಿದ್ದರು. ಸೊಸೆ ಹಿಂದಿರುಗಿ ಯಂತ್ರದ ಮುಂದೆ ಕೂತಳು, ಆದರೆ ಪೆಡಲು ತುಳಿಯಲಿಲ್ಲ.

"ನಾನೇ ಅಪ್ಪ," ಎಂದಿತು ಗಂಡನ ದನಿ, ಕೊನೆಗೂ. "ಆ ಸುಳ್ಳು ನಂದು. ಅವಳ ಬಾಯಲ್ಲಿ ಹೇಳಿಸಿದ್ದು."

ಬಾಚಣಿಗೆ ಕೂದಲೊಳಗೆ ಸರಿಯುವ ಸದ್ದು ಹಾಗೇ ನಡೆದಿತ್ತು. ಆ ಮಾತು ಬೇಕಾಗಿದ್ದದ್ದು ಒಂದು ತಿಂಗಳ ಹಿಂದೆ, ಅದೂ ಊಟದ ಮೇಜಿನ ಮುಂದೆ, ಎಂದುಕೊಂಡಳು ಆಕೆ. ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿ ಹೊಲಿಯತೊಡಗಿದಳು.